ಮಣ್ಣಿಗೆ ಬಾ

ನಮ್ಮ ಕಡೆ ಯಾರಾದರೂ "ಮಣ್ಣಿಗೆ ಹೋಗಿದ್ದೆ" ಅಂದರೆ ಯಾವ ಹೊಲದ ಮಣ್ಣು ಅಂತ ಯಾರೂ ಕೇಳುವುದಿಲ್ಲ. ಯಾರು ಹೋದರು, ಏನಾಗಿತ್ತು ಅಂತ ಕೇಳುತ್ತಾರೆ. ಆಳಂದದಿಂದ ಜೇವರ್ಗಿಯ ತನಕ ಮಣ್ಣು ಅಂದರೆ ತೊಗರಿ ಬೆಳೆಯುವ ಭೂಮಿಯೂ ಹೌದು, ಸತ್ತವರನ್ನು ಹೂಳುವ ಕೆಲಸವೂ ಹೌದು. ಸಾವಿನ ಸುದ್ದಿ ತಂದವನು ಹೊಸ್ತಿಲ ಹೊರಗೇ ನಿಂತು "ಮಣ್ಣಿಗೆ ಬರಬೇಕಂತ್ರಿ" ಅಂದು, ನೀರು ಸಹ ಕುಡಿಯದೆ ಮುಂದಿನ ಮನೆಗೆ ಹೋಗುತ್ತಾನೆ. ಇಂಥ ಸೀಮೆಯಲ್ಲಿ ಊರೂರು ತಿರುಗಿ "ಮಣ್ಣಿಗೆ ಬಂದೇನ್ರಿ" ಅನ್ನುವ ಕೆಲಸ ದೇವಿಂದ್ರಪ್ಪನಿಗೆ ಗಂಟುಬಿದ್ದಿತ್ತು. ಹಣೆಬರಹ ಅನ್ನದೆ ಇನ್ನೇನನ್ನಬೇಕು?

ದೇವಿಂದ್ರಪ್ಪ ಆಳಂದ ತಾಲೂಕಿನ ಸರಸಂಬಾದವನು. ಗುಲಬರ್ಗಾದ ಒಂದು ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿ ಅಟೆಂಡರ್ ಆಗಿದ್ದ. ಗಾಜಿನ ಬಟ್ಟಲು ತೊಳೆಯುವುದು, ಸೂಕ್ಷ್ಮದರ್ಶಕ ಒರೆಸಿಡುವುದು, ಹುಡುಗರು ಒಡೆದದ್ದಕ್ಕೆ ತಾನು ಬೈಸಿಕೊಳ್ಳುವುದು, ಇಷ್ಟೇ ಕೆಲಸ. 1981ರಲ್ಲಿ ಅಲ್ಲಿಯ ಲೆಕ್ಚರರ್ ಜಯತೀರ್ಥರು ಪಿಎಚ್.ಡಿ.ಗೆ ಹೆಸರು ಹಚ್ಚಿದರು. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ತಾಲೂಕಿನ ಮಣ್ಣಿನಲ್ಲಿ ಎಷ್ಟು ತರದ ಲೋಳೆ ಬೂಷ್ಟುಗಳಿವೆ ಎಂದು ಹುಡುಕಿ ಪಟ್ಟಿ ಮಾಡುವುದು ಅವರ ವಿಷಯ. ಬೂಷ್ಟಿಗೂ ಒಂದು ಪಟ್ಟಿಯೇ ಅಂತ ನೀವು ನಗಬಹುದು. ಕಾಲೇಜಿನವರೂ ನಕ್ಕರು.

ಜಯತೀರ್ಥರಿಗೆ ದಮ್ಮಿನ ರೋಗ. ಎರೆಹೊಲದ ಧೂಳು ಮೂಗಿಗೆ ಬಡಿದರೆ ಮೂರು ದಿನ ಮಲಗುವ ಆಳು. ಹಾಗಾಗಿ ಹೊಲಹೊಲ ಅಲೆಯುವ ಕೆಲಸ ದೇವಿಂದ್ರಪ್ಪನ ಪಾಲಿಗೆ ಬಂತು. ಮರದ ಬುಡದ ಎಲೆ ಸರಿಸಿ, ಸ್ಪಿರಿಟಿನಲ್ಲಿ ಒರೆಸಿದ ಚಮಚೆಯಿಂದ ಮೇಲಿನ ಎರಡು ಬೆರಳು ಮಣ್ಣು ತೆಗೆಯಬೇಕು. ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ದಾರ ಕಟ್ಟಿ, ಊರು, ಮರ, ತಾರೀಖು ಬರೆಯಬೇಕು. ನಮ್ಮ ಬಿಸಿಲಿಗೆ ಅದು ಒಣಗದಂತೆ ಹಸಿ ಗೋಣಿತಟ್ಟಿನಲ್ಲಿ ಸುತ್ತಿ ತರಬೇಕು. ಜಯತೀರ್ಥರು ಆ ಮಣ್ಣನ್ನು ನೀರಿನಲ್ಲಿ ಕದಡಿ, ಹುಲ್ಲಿನ ಕಷಾಯ ಹಾಕಿ ಹೆಪ್ಪುಗಟ್ಟಿಸಿದ ಬಟ್ಟಲಲ್ಲಿ ಸವರಿ, ಹಸಿ ಮರಳಿನಲ್ಲಿ ಹುಗಿದ ಮಡಿಕೆಯೊಳಗೆ ತಣ್ಣಗೆ ಇಡುತ್ತಿದ್ದರು. ವಾರದೊಳಗೆ ಬಟ್ಟಲಲ್ಲಿ ಕೂದಲಿಗಿಂತ ಸಣ್ಣ ಬಿಳಿ ಕಡ್ಡಿಗಳು ಏಳುತ್ತಿದ್ದವು. ಅವೇ ಲೋಳೆ ಬೂಷ್ಟು.

ಒಂದೇ ತೊಡಕು. ಒಣ ಮಣ್ಣಲ್ಲಿ ಅವು ಸುಲಭಕ್ಕೆ ಸಿಗುವುದಿಲ್ಲ. ಮಳೆ ಬಿದ್ದು ಎರಡು ಮೂರು ದಿನದಲ್ಲಿ ಮಣ್ಣು ತೆಗೆಯಬೇಕು. ನಮ್ಮ ಕಡೆಯ ಮಳೆಯೋ, ಎತ್ತಿನ ಒಂದು ಕೋಡು ತೋಯ್ದರೆ ಇನ್ನೊಂದು ಕೋಡು ಒಣ. ಗುಲಬರ್ಗಾದಲ್ಲಿ ಕೂತು ಮಟಕಿ ಅನ್ನುವ ಹಳ್ಳಿಯಲ್ಲಿ ಮಳೆಯಾಯಿತೋ ಇಲ್ಲವೋ ಹೇಗೆ ತಿಳಿಯಬೇಕು? ಅದಕ್ಕೆ ದೇವಿಂದ್ರಪ್ಪ ಒಂದೊಂದು ಊರಿನಲ್ಲಿ ಒಬ್ಬೊಬ್ಬರಿಗೆ ಹೇಳಿಟ್ಟ. ಮಾದನಹಿಪ್ಪರಗಾದಲ್ಲಿ ಅವನ ಅಕ್ಕ ಸುಮಿತ್ರಾಬಾಯಿಯೇ ಇದ್ದಳು.

ಈ ಅಕ್ಕನ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ತಾಯಿ ಸತ್ತಾಗ ಅವನಿಗೆ ನಾಲ್ಕು ವರ್ಷ, ಅವಳಿಗೆ ಹನ್ನೊಂದು. ಲೆಕ್ಕದಲ್ಲಿ ಕ್ಲಾಸಿಗೇ ಮುಂದಿದ್ದ ಹುಡುಗಿ ಮರುದಿನದಿಂದ ಸಾಲೆ ಬಿಟ್ಟು ರೊಟ್ಟಿ ಬಡಿಯಲು ಕೂತಳು. ತಮ್ಮನನ್ನು ಮಾತ್ರ ಬಡಿದು ಸಾಲೆಗೆ ಅಟ್ಟಿದಳು. ಹಿಪ್ಪರಗಾದ ನಾಗಣ್ಣನಿಗೆ ಕೊಟ್ಟ ಮೇಲೂ ತಮ್ಮನ ಫೀಜಿಗೆ ಬೆಣ್ಣೆ ಮಾರಿ ಕಳಿಸಿದಳು. ಅವಳಿಗೆ ಮಕ್ಕಳಾಗಲಿಲ್ಲ. ತಂದೆಯೂ ತೀರಿಹೋದ ಮೇಲೆ ಅವಳಿಗೆ ತವರು ಅಂತ ಉಳಿದವನು ಇವನೊಬ್ಬನೇ.

ಮೊದಲ ಸಲ ಚೀಲ, ಚಮಚೆ ಹಿಡಿದು ಅವನು ಬಾಗಿಲಿಗೆ ಬಂದಾಗ ಅವಳು ನಕ್ಕಳು.

"ಲೇ ದೇವಿಂದ್ರ, ನೌಕರಿ ಅಂದ್ರ ಮಂದಿ ಕುರ್ಚಿ ಮ್ಯಾಲ ಕುಂಡ್ರತಾರ. ನಿನಗ ಹೊಳ್ಳಿ ಮಣ್ಣೇ ಸಿಕ್ತಲ್ಲೋ?"

"ಏನ್ ಮಾಡ್ಲಿ ಅಕ್ಕಾ, ಮಣ್ಣಿಗೆ ಬಂದೇನಿ."

ಒಳಗಿದ್ದ ನಾಗಣ್ಣ ಸಿಡುಕಿದ. "ಮನಿಗಿ ಬಂದು ಎಂಥಾ ಮಾತಾಡ್ತಿಯೋ? ಬಾಯಾಗ ಛಲೋ ಮಾತು ಬರ್ಲಿ."

"ಬಿಡ್ರಿ, ಅಂದ್ರ ಅನ್ಲಿ," ಅಂದಳು ಸುಮಿತ್ರಾಬಾಯಿ. "ಹೆಂಗೂ ನನ್ನ ಮಣ್ಣಿಗೆ ಬರಾಂವ ಇವನೊಬ್ಬನೇ. ಈಗಿಂದ ರೂಢಿ ಆಗ್ಲಿ. ಅವತ್ತ ಮಾತ್ರ ಈ ಚೀಲ ತರಬ್ಯಾಡ ನೋಡು. ಹಸರ ಸೀರಿ ತಗೊಂಡು ಬಾ."

ನಮ್ಮಲ್ಲಿ ಮುತ್ತೈದೆ ಸತ್ತರೆ ಕಡೆಯದಾಗಿ ಉಡಿಸುವುದು ತವರಿನ ಸೀರೆ. ಗಂಡನ ಮನೆಯಲ್ಲಿ ಪೆಟ್ಟಿಗೆ ತುಂಬ ರೇಷ್ಮೆ ಇದ್ದರೂ ಅದು ನಡೆಯುವುದಿಲ್ಲ, ಅಣ್ಣನೋ ತಮ್ಮನೋ ತರಬೇಕು. ತವರಿನ ಸೀರೆ ಇಲ್ಲದೆ ಹೋದವಳನ್ನು ಊರು "ಯಾರೂ ಇಲ್ಲದಾಕಿ" ಅಂತ ವರ್ಷಗಟ್ಟಲೆ ಆಡಿಕೊಳ್ಳುತ್ತದೆ. ಸುಮಿತ್ರಾಬಾಯಿ ತಮ್ಮನಿಂದ ಬದುಕಿನಲ್ಲಿ ಏನೂ ಬೇಡಲಿಲ್ಲ. ಬೇಡಿದ್ದು ಇದೊಂದು, ಅದೂ ನಗುತ್ತ.

ಅಂದು ರೊಟ್ಟಿ ಬಡಿಯುತ್ತ ಅವಳು ಕೇಳಿದಳು, "ಅಷ್ಟು ದೂರಿಂದ ಬರ್ತಿ, ಈ ಮಣ್ಣಾಗ ಏನದ ಅಂಥಾದ್ದು?"

"ಕಣ್ಣಿಗೆ ಕಾಣದಂಥ ಜೀವ ಅದಾವ ಅಕ್ಕಾ. ಒಂದೊಂದೇ ಇರ್ತಾವ. ತಿನ್ನಾಕ ಏನೂ ಸಿಗದಂಗ ಆತಂದ್ರ ಸಾವಿರಗಟ್ಟಲೆ ಒಂದ ಕಡಿ ಕೂಡ್ತಾವ. ಕೂಡಿ ಕಡ್ಡಿ ಆಗಿ ಎದ್ದು ನಿಂದರ್ತಾವ. ಕೆಳಗಿನವು ಕಡ್ಡಿ ಆಗಿ ಅಲ್ಲೇ ಸಾಯ್ತಾವ. ಉಳಿದವು ಅವುಗಳ ಮ್ಯಾಲ ಹತ್ತಿ ಬೀಜ ಆಗ್ತಾವ, ಬದುಕ್ತಾವ."

ಅವಳ ಕೈ ನಿಂತಿತು. "ಅಂದ್ರ ಅದರಾಗೂ ಅಕ್ಕಗೋಳು ಅದಾರ ಅನ್ನು," ಅಂದು ತಾನೇ ನಕ್ಕಳು. ದೇವಿಂದ್ರಪ್ಪನಿಗೆ ನಗು ಬರಲಿಲ್ಲ.

"ನನಗೂ ಒಮ್ಮಿ ತೋರಸೋ."

"ತೋರಸ್ತೇನಿ. ಎಳ್ಳಮಾಸಿ ಹಬ್ಬ ಆಗ್ಲಿ, ಗುಲಬರ್ಗಾಕ್ಕ ಕರ್ಕೊಂಡು ಹೋಗ್ತೇನಿ."

ಎಳ್ಳಮಾಸಿ ಆಯಿತು, ಸುಗ್ಗಿ ಆಯಿತು, ಮೂರು ವರ್ಷ ಆಯಿತು. ತೋರಿಸಲಿಲ್ಲ. ಅಕ್ಕಂದಿರ ವಿಷಯದಲ್ಲಿ ನಾವೆಲ್ಲ ಹೀಗೇ. ಅವರು ಎಲ್ಲಿ ಹೋಗುತ್ತಾರೆ ಅನ್ನುವ ಧೈರ್ಯ.

ಆ ಮೂರು ವರ್ಷ ಹಿಪ್ಪರಗಾದ ಹೊಲ ತೋಯ್ದಾಗೆಲ್ಲ ಸುಮಿತ್ರಾಬಾಯಿ ಬೆಳಗಿನ ಬಸ್ಸಿನ ಕಂಡಕ್ಟರ್ ಹಣಮಂತ್ರಾಯನಿಗೆ "ನನ್ನ ತಮ್ಮಗ ಮಣ್ಣಿಗೆ ಬಾ ಅಂತ ಹೇಳ್ರಿ" ಅನ್ನುತ್ತಿದ್ದಳು. ಮೊದಲ ಸಲ ಆತ ಗಾಬರಿಯಾಗಿ ಟಿಕೆಟ್ಟಿನ ಪೆಟ್ಟಿಗೆಯನ್ನೇ ಕೆಡವಿದ್ದ. ಆಮೇಲೆ ಅವನೂ ಆಟಕ್ಕೆ ಸೇರಿದ. ಗುಲಬರ್ಗಾದ ಬಸ್‌ಸ್ಟ್ಯಾಂಡಿನಲ್ಲಿ ದೂರದಿಂದಲೇ "ದೇವಿಂದ್ರಪ್ಪಾ, ಮಣ್ಣಿಗೆ ಬರಬೇಕಂತ!" ಅಂತ ಕೂಗುವನು. ಸುತ್ತಲಿದ್ದವರು ಅಯ್ಯೋ ಪಾಪ ಅನ್ನುವರು, ಇವರಿಬ್ಬರೂ ಬಿದ್ದು ಬಿದ್ದು ನಗುವರು. ಬಂದ ತಮ್ಮ ಹೊಲದ ಮೂಲೆಯ ಬೇವಿನ ಬುಡದಲ್ಲಿ ಮಣ್ಣು ತೆಗೆದು, ಅಕ್ಕನ ರೊಟ್ಟಿ ತಿಂದು, ಸಂಜೆಯ ಬಸ್ಸು ಹಿಡಿಯುವನು.

1984ರ ಉತ್ತರಿ ಮಳೆಯ ಒಂದು ಗುರುವಾರ. ಜಯತೀರ್ಥರದು ಕಡೆಯ ಸುತ್ತು. ಜೇವರ್ಗಿ, ಅಫಜಲಪುರದ ಭೀಮಾ ದಂಡೆಯ ಮಣ್ಣು ಬಂದರೆ ಪಟ್ಟಿ ಮುಗಿಯಿತು. ದೇವಿಂದ್ರಪ್ಪ ಗೋಣಿತಟ್ಟು ಬಗಲಲ್ಲಿಟ್ಟುಕೊಂಡು ಜೇವರ್ಗಿ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟಿದ್ದ. ಹಿಪ್ಪರಗಾದ ಬಸ್ಸು ಆಗಷ್ಟೇ ಬಂದು ನಿಂತಿತ್ತು.

"ದೇವಿಂದ್ರಪ್ಪಾ! ಬುಲಾವ್ ಬಂದದ ನೋಡ್ರಿ. ಮಣ್ಣಿಗೆ ಬರಬೇಕಂತ!"

"ಮಳಿ ಆಗ್ಯಾದೇನ್ರಿ ಅಲ್ಲಿ?"

"ಛಲೋ ಹೊಡದದ. ಹಳ್ಳ ತುಂಬಿ ಹರೀಲಾಕತ್ತದ."

"ಅಕ್ಕಗ ಹೇಳ್ರಿ, ಮಣ್ಣು ಎಲ್ಲೂ ಓಡಿ ಹೋಗಂಗಿಲ್ಲ. ಜೇವರ್ಗಿ, ಅಫಜಲಪುರ ಮುಗಿಸ್ಕೊಂಡು ಬರ್ತೇನಂತ."

ಇಬ್ಬರೂ ನಕ್ಕರು. ಬಸ್ಸು ಹೊರಟಿತು.

ನೀವು ಕೇಳಬಹುದು, ಸರಸಂಬಾದಲ್ಲಿ ಹುಟ್ಟಿದವನಿಗೆ ಆ ಮಾತಿನ ಇನ್ನೊಂದು ಅರ್ಥ ಹೊಳೆಯಲಿಲ್ಲವೇ ಅಂತ. ಹೊಳೆಯಲಿಲ್ಲ. ಮೂರು ವರ್ಷ ನಕ್ಕು ನಕ್ಕು ಆ ಮಾತಿನ ಹಲ್ಲು ಉದುರಿಹೋಗಿತ್ತು. ಹಣಮಂತ್ರಾಯನಿಗೂ ಹೊಳೆಯಲಿಲ್ಲ. ಅಂದು ಬೆಳಿಗ್ಗೆ ಹಿಪ್ಪರಗಾದಲ್ಲಿ ಬಸ್ಸು ಹೊರಟಾಗ ಯಾರೋ ಓಡಿಬಂದು ಕಿಟಕಿ ಬಡಿದು "ನಾಗಣ್ಣನ ಮನಿಯಿಂದ ದೇವಿಂದ್ರಪ್ಪಗ ಹೇಳ್ರಿ, ಮಣ್ಣಿಗೆ ಬರಬೇಕಂತ" ಅಂದಿದ್ದರು. ಓಡಿಬಂದವನ ಮುಖ ಅವನು ನೋಡಿರಲಿಲ್ಲ.

ದೇವಿಂದ್ರಪ್ಪ ಗುರುವಾರ ಜೇವರ್ಗಿ ಸುತ್ತಮುತ್ತ ತಿರುಗಿದ. ಶುಕ್ರವಾರ ಅಫಜಲಪುರದ ಕಬ್ಬಿನ ಹೊಲ, ಜಾಲಿಮರದ ಬುಡ. ಇಪ್ಪತ್ತೆರಡು ಚೀಲ ಆದವು. ಅಷ್ಟು ಒಳ್ಳೆಯ ಹಸಿ ಮಣ್ಣು ಅವನಿಗೆ ಎಂದೂ ಸಿಕ್ಕಿರಲಿಲ್ಲ, ಖುಷಿಯಾಗಿದ್ದ. ಶನಿವಾರ ಆಳಂದದಲ್ಲಿ ಬಸ್ಸು ಬದಲಿಸಿ ಮಧ್ಯಾಹ್ನಕ್ಕೆ ಹಿಪ್ಪರಗಾದಲ್ಲಿ ಇಳಿದ. ಈ ಸಲ ಅಕ್ಕನನ್ನು ಜೊತೆಗೇ ಕರೆದುಕೊಂಡು ಹೋಗಿ ತೋರಿಸಿಬಿಡಬೇಕು ಅಂತ ದಾರಿಯುದ್ದಕ್ಕೂ ಅಂದುಕೊಂಡಿದ್ದ. ಮನೆಯ ಬಾಗಿಲು ಅರೆ ಮುಚ್ಚಿತ್ತು. ಅವನು ಎಂದಿನಂತೆ ಅಂಗಳದಿಂದಲೇ ಕೂಗಿದ.

"ಅಕ್ಕಾ! ಮಣ್ಣಿಗೆ ಬಂದೇನಿ ನೋಡು!"

ಒಳಗಿನಿಂದ ಯಾರೂ ಬರಲಿಲ್ಲ. ಪಕ್ಕದ ಮನೆಯ ಕರೀಮುನ್ನಿಸಾ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ಹೊರಬಂದಳು. ಸುಮಿತ್ರಾಬಾಯಿಯ ಜೊತೆ ಇಪ್ಪತ್ತು ವರ್ಷ ಒಂದೇ ಬಾವಿಯ ನೀರು ಸೇದಿದವಳು.

"ಮಣ್ಣು ಮೊನ್ನೇ ಆತು ಭಯ್ಯಾ," ಅಂದಳು.

ಅವನಿಗೆ ತಿಳಿಯಲಿಲ್ಲ. ನಗುತ್ತಲೇ ನಿಂತಿದ್ದ. ಆ ನಗು ಮುಖದ ಮೇಲೆ ಹಾಗೇ ಸತ್ತಿತು.

ಕರೀಮುನ್ನಿಸಾ ಅವನನ್ನು ಕಟ್ಟೆಯ ಮೇಲೆ ಕೂರಿಸಿ ಹೇಳಿದಳು. ಗುರುವಾರ ನಸುಕಿನಲ್ಲಿ ಸುಮಿತ್ರಾಬಾಯಿ ಕೊಡ ಹೊತ್ತು ಬಂದು, ಎದಿ ಹಿಡದದ ಅಂದು ಕೂತವಳು ಮತ್ತೆ ಏಳಲಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂರಿಸಿದರು. ಎಲ್ಲ ಆಗಿತ್ತು, ಸೀರೆ ಒಂದು ಬಾಕಿ. ನಾಗಣ್ಣ "ತಮ್ಮ ಬರ್ತಾನ, ಸೀರಿ ತರ್ತಾನ, ತಡೀರಿ" ಅಂತ ಮಧ್ಯಾಹ್ನದ ಬಸ್ಸಿನ ತನಕ ಯಾರಿಗೂ ಕೈ ಹಚ್ಚಗೊಡಲಿಲ್ಲ. ಬಸ್ಸು ಬಂತು. ಬಸ್‌ಸ್ಟ್ಯಾಂಡಿನ ಚಹಾದ ಅಂಗಡಿಯ ಮುಂದೆ ಹಣಮಂತ್ರಾಯ ನಗುನಗುತ್ತ ಕೂಗಿದ: "ಸುಮಿತ್ರಾಬಾಯಿಗೆ ಹೇಳ್ರಿ, ಜೇವರ್ಗಿ, ಅಫಜಲಪುರ ಮುಗಿಸ್ಕೊಂಡು ಬರ್ತಾನಂತ. ಮಣ್ಣು ಎಲ್ಲೂ ಓಡಿ ಹೋಗಂಗಿಲ್ಲಂತ!"

ಆ ಮಾತು ಹಾಗೇ ಮನೆಗೆ ಬಂತು. ಹೆಣದ ಮುಂದೆ, ನೆರೆದ ಊರಿನ ಮುಂದೆ. ಹಣಮಂತ್ರಾಯನಿಗೆ ವಿಷಯ ತಿಳಿದಾಗ ಅವನು ಬಸ್ಸಿನ ಗಾಲಿಗೆ ಆತು ಕೂತು ಅತ್ತನಂತೆ. ಆದರೆ ಅಷ್ಟೊತ್ತಿಗೆ ದೇವಿಂದ್ರಪ್ಪ ಯಾವ ಹೊಲದ ಯಾವ ಮರದ ಬುಡದಲ್ಲಿದ್ದನೋ, ಯಾರಿಗೆ ಗೊತ್ತು?

"ಸೀರಿ..." ಅಂದ ದೇವಿಂದ್ರಪ್ಪ.

"ನಾ ಉಡಿಸಿದೆ. ಈದಿಗೆ ನನ್ನ ಅಣ್ಣ ಕೊಟ್ಟ ಹಸರ ಸೀರಿ ಇತ್ತು, ಮೈಗೆ ಹಚ್ಚಿರಲಿಲ್ಲ. ಅದೂ ಅಣ್ಣನ ಸೀರೀನೇ ಅಲ್ಲೇನು ಭಯ್ಯಾ? ಊರವ್ರು ಒಬ್ಬರ ಮಾರಿ ಒಬ್ಬರು ನೋಡಿದ್ರು. ಆಕಿ ಈ ಕರೀಮುನ್ನಿಸಾಗ ಅಕ್ಕ ಹೌದೋ ಅಲ್ಲೋ ಅಂತ ನಿಮ್ಮ ಮಾಮಾ ನಾಗಣ್ಣ ಎಲ್ಲಾರ ಮುಂದ ಕೇಳ್ದ. ಯಾರೂ ಅಡ್ಡ ಬರಲಿಲ್ಲ."

ದೇವಿಂದ್ರಪ್ಪ ಹೊಲಕ್ಕೆ ಹೋದ. ಬೇವಿನ ಬುಡದಲ್ಲಿ, ಅವನು ಮೂರು ವರ್ಷ ಮಣ್ಣು ತೆಗೆದ ಜಾಗದ ಮಗ್ಗುಲಲ್ಲೇ, ಅವಳನ್ನು ಇಟ್ಟಿದ್ದರು. ನಾಗಣ್ಣ ಅಲ್ಲೇ ಕೂತಿದ್ದ. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ತಲೆಯೆತ್ತಿ ಒಂದೇ ಮಾತು ಕೇಳಿದ.

"ಕೆಲಸ ಮುಗೀತೇನು?"

ತಡವಾಗಿ ಬಂದವರೂ ಮೂರು ಹಿಡಿ ಮಣ್ಣು ಕೊಡಬೇಕು. ದೇವಿಂದ್ರಪ್ಪ ಬಗ್ಗಿದ. ಎರಡು ದಿನದ ಬಿಸಿಲಿಗೆ ಗೋರಿಯ ಮೇಲಿನ ಎರೆ ಒಣಗಿ ಹೆಂಟೆಯಾಗಿತ್ತು, ಹಿಡಿಗೆ ಬರಲಿಲ್ಲ. ಅವನು ಗೋಣಿತಟ್ಟು ಬಿಚ್ಚಿದ. ಒಂದು ಚೀಲದ ದಾರ ಹರಿದು, ಯಾವ ಮಣ್ಣಿಗಾಗಿ ಅಕ್ಕನ ಮಣ್ಣಿಗೆ ಬರಲಿಲ್ಲವೋ ಆ ಹಸಿ ಮಣ್ಣನ್ನೇ ಹಿಡಿಹಿಡಿಯಾಗಿ ಕೊಟ್ಟ. ಒಂದಾದ ಮೇಲೆ ಒಂದು, ಇಪ್ಪತ್ತೆರಡು ಚೀಲ ಬರಿದಾದವು. ಆಮೇಲೆ ಎಳೆಗೂಸಿನಂತೆ ಬೋರಲು ಬಿದ್ದು ಅತ್ತ. ನಾಗಣ್ಣ ಎದ್ದು ಹೋದ.

ಬರಿಗೈಯಲ್ಲಿ ಬಂದ ದೇವಿಂದ್ರಪ್ಪನನ್ನು ಜಯತೀರ್ಥರು "ಮಣ್ಣು ಎಲ್ಲಿ?" ಅಂತ ಕೇಳಿದರು. "ಕೊಟ್ಟು ಬಂದೇನ್ರಿ" ಅಂದ. ಅವರು ಒಳ್ಳೆಯ ಮನುಷ್ಯರು, ಎಲ್ಲ ಕೇಳಿ ತಿಳಿದ ಮೇಲೆ ಮತ್ತೆ ಆ ಮಾತು ಎತ್ತಲಿಲ್ಲ. ಭೀಮಾ ದಂಡೆಗೆ ಎರಡನೆಯ ಸಲ ಕಳಿಸಲೂ ಇಲ್ಲ. ಅವರ ದಪ್ಪ ಪುಸ್ತಕದ ಕೋಷ್ಟಕದಲ್ಲಿ ಜೇವರ್ಗಿ, ಅಫಜಲಪುರದ ಸಾಲುಗಳು ಇವತ್ತಿಗೂ ಬಡವಾಗಿವೆ. ಪರೀಕ್ಷೆಗೆ ಬಂದ ದೊಡ್ಡವರೊಬ್ಬರು ಯಾಕೆ ಇಷ್ಟು ಕಡಿಮೆ ಅಂತ ಕೇಳಿದಾಗ, ಆ ವರ್ಷ ಅನುಕೂಲವಾಗಲಿಲ್ಲ ಅಂದರಂತೆ. 1987ರಲ್ಲಿ ಡಾಕ್ಟರ್ ಜಯತೀರ್ಥ ಆದರು, ಪೇಡೆ ಹಂಚಿದರು.

ದೇವಿಂದ್ರಪ್ಪ ಮತ್ತೆ ಬಟ್ಟಲು ತೊಳೆಯತೊಡಗಿದ. ಮಣ್ಣು ಅನ್ನುವ ಶಬ್ದವೇ ಅವನ ಬಾಯಲ್ಲಿ ಬರುತ್ತಿರಲಿಲ್ಲ. ಅನ್ನಲೇಬೇಕಾದರೆ ಮಿಟ್ಟಿ ಅನ್ನುತ್ತಿದ್ದ. ಹಣಮಂತ್ರಾಯ ಬಾಯಿಮಾತಿನ ಸುದ್ದಿ ಒಯ್ಯುವುದನ್ನು ಬಿಟ್ಟ, ಯಾರೇ ಬಂದರೂ "ಚೀಟಿ ಬರದು ಕೊಡ್ರಿ" ಅನ್ನುತ್ತಿದ್ದ. ನಾಗಣ್ಣ ಮಾತು ಬಿಟ್ಟ. ದೇವಿಂದ್ರಪ್ಪ ವರ್ಷಕ್ಕೊಮ್ಮೆ ಹಿಪ್ಪರಗಾಕ್ಕೆ ಹೋಗಿ ಕರೀಮುನ್ನಿಸಾಳಿಗೆ ಹಸಿರು ಸೀರೆ ಕೊಟ್ಟು, ಬೇವಿನ ಬುಡದಲ್ಲಿ ಕೂತು, ಬಂದ ದಾರಿಯಲ್ಲೇ ತಿರುಗುತ್ತಿದ್ದ. ಆ ಹೊತ್ತಿಗೆ ನಾಗಣ್ಣ ಬೇಕೆಂದೇ ಬೇರೆ ಹೊಲದಲ್ಲಿರುತ್ತಿದ್ದ. ನಾಲ್ಕು ವರ್ಷ ಹೀಗೇ ನಡೆಯಿತು.

1988ರ ಮಳೆಗಾಲದಲ್ಲಿ ಒಂದು ದಿನ ಹಣಮಂತ್ರಾಯ ನೇರ ಕಾಲೇಜಿಗೇ ಬಂದ. ಅವನ ಮುಖದಲ್ಲಿ ರಕ್ತ ಇರಲಿಲ್ಲ. ಕೈಯಲ್ಲಿ ಚೀಟಿ ಇತ್ತು. "ರಾತ್ರಿ ಪಾಳಿ ಕಂಡಕ್ಟರ್ ಕೈಯಾಗ ಕೊಟ್ಟು ಕಳಿಸ್ಯಾರ್ರಿ, ನನಗೇನೂ ಗೊತ್ತಿಲ್ಲ," ಅಂದ. ಚೀಟಿಯಲ್ಲಿ ಯಾರದೋ ಅಕ್ಷರ: "ದೇವಿಂದ್ರಪ್ಪಗೆ ಮಣ್ಣಿಗೆ ಬಾ ಅಂತ ತಿಳಿಸುವುದು. ನಾಗಣ್ಣನ ಮನೆಯಿಂದ."

ದೇವಿಂದ್ರಪ್ಪ ತೊಳೆಯುತ್ತಿದ್ದ ಬಟ್ಟಲನ್ನು ಅಲ್ಲೇ ಬಿಟ್ಟ. ಅದು ಒಡೆದದ್ದೂ ಅವನಿಗೆ ಕೇಳಿಸಲಿಲ್ಲ. ಬಜಾರದಲ್ಲಿ ನಾಗಣ್ಣನಿಗೆ ಕಡೆಯದಾಗಿ ಹೊದಿಸಲು ಬಿಳಿ ಧೋತರ ಕೊಂಡು, ಕೈಯಲ್ಲಿ ಅವಚಿಕೊಂಡು, ಹಿಪ್ಪರಗಾದ ಬಸ್‌ಸ್ಟ್ಯಾಂಡಿನಿಂದ ಓಡುತ್ತಲೇ ಹೋದ. ಮನೆಯ ಮುಂದೆ ಜನರಿಲ್ಲ. ಮಣ್ಣು ಈಗಾಗಲೇ ಆಗಿಹೋಯಿತೇ? ಹೊಲಕ್ಕೆ ಓಡಿದ.

ನಾಗಣ್ಣ ಬೇವಿನ ಬುಡದಲ್ಲಿ ಎಲೆಅಡಿಕೆ ಹಾಕುತ್ತ ಕೂತಿದ್ದ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ನಾಗಣ್ಣನ ಕಣ್ಣು ಧೋತರದ ಮೇಲೆ ನಿಂತಿತು.

"ಯಾರ ಸಲುವಾಗಿ ತಂದಿ ಅದು?"

ದೇವಿಂದ್ರಪ್ಪ ಧೋತರವನ್ನು ಬೆನ್ನ ಹಿಂದೆ ಮಾಡಿದ.

"ಈ ಸರ್ತಿ ತಡಾ ಮಾಡಲಿಲ್ಲ ನೋಡು," ಅಂದ ನಾಗಣ್ಣ. ಅವನ ದನಿ ಒಡೆಯಿತು. ಎಲೆಅಡಿಕೆಯ ಚಂಚಿ ಕಟ್ಟಿಟ್ಟು ಅಂದ, "ಮಳಿ ಛಲೋ ಆಗ್ಯಾದಪ್ಪಾ. ಆಕಿ ಇದ್ದಿದ್ರ ನಿನಗ ಹೇಳಿ ಕಳಸ್ತಿದ್ಲು. ಆಕಿ ಇಲ್ಲ, ಅದಕ್ಕ ನಾ ಕಳಿಸ್ದೆ. ತಗಿ ನಿನ್ನ ಮಣ್ಣು."

ಶೋಧ ಮುಗಿದು ವರ್ಷವಾಗಿತ್ತು. ಆ ಮಣ್ಣು ಈಗ ಯಾರಿಗೂ ಬೇಡವಾಗಿತ್ತು. ದೇವಿಂದ್ರಪ್ಪ ಅದನ್ನು ಹೇಳಲಿಲ್ಲ. ಗೋರಿಯ ಮಗ್ಗುಲಲ್ಲಿ ಎಲೆ ಸರಿಸಿ, ಮೇಲಿನ ಎರಡು ಬೆರಳು ಮಣ್ಣು ಕೈಯಿಂದಲೇ ತೆಗೆದ. ಚೀಲ ತಂದಿರಲಿಲ್ಲ. ಸುತ್ತ ನೋಡಿದ.

"ಅದರಾಗೇ ಕಟ್ಟು," ಅಂದ ನಾಗಣ್ಣ, ಧೋತರ ತೋರಿಸಿ. "ಒಗದ್ರ ಹೋಗತದ. ನನಗ ಒಂದಿನ ಬೇಕೇ ಬೇಕು."

ದೇವಿಂದ್ರಪ್ಪ ಆ ಮಣ್ಣನ್ನು ಬಟ್ಟಲಲ್ಲಿ ಸವರಿಟ್ಟ. ಎಂಟು ದಿನ ಬಿಟ್ಟು ನಾಗಣ್ಣ ಹಣಮಂತ್ರಾಯನ ಬಸ್ಸಿನಲ್ಲಿ ಗುಲಬರ್ಗಾಕ್ಕೆ ಬಂದ. "ಆಕಿಗಿ ತೋರಸ್ತೇನಿ ಅಂದಿದ್ದಿ. ನನಗರ ತೋರಸು," ಅಂದ. ಜಯತೀರ್ಥರು ತಮ್ಮ ಕೋಣೆಯ ಸೂಕ್ಷ್ಮದರ್ಶಕ ಬಿಟ್ಟುಕೊಟ್ಟು ಹೊರಗೆ ಹೋದರು. ತಲೆಯ ರುಮಾಲು ತೆಗೆದಿಟ್ಟು, ಒಂದು ಕಣ್ಣು ಮುಚ್ಚಲು ಬಾರದೆ ಅಂಗೈಯಿಂದ ಮುಚ್ಚಿಕೊಂಡು, ನಾಗಣ್ಣ ಬಗ್ಗಿ ನೋಡಿದ.

"ಬೆಳ್ಳಗ ಕಡ್ಡಿ ನಿಂತಾವಲೋ. ತುದಿಗೆ ಜ್ವಾಳದ ಕಾಳಿನಂಗ ಒಂದೊಂದು ಗುಂಡಗ ಅದಾವ."

"ಹೌದು ಮಾಮಾ."

"ಇದರಾಗೂ ಅಕ್ಕಗೋಳು ಅದಾರ ಅಂತ ಆಕಿ ಊರೆಲ್ಲಾ ಹೇಳ್ಕೊಂಡು ತಿರಗಿದ್ಲು." ಆಮೇಲೆ ಮೆಲ್ಲಗೆ ಕೇಳಿದ, "ಇದರಾಗ ಆಕಿ ಯಾವಾಕಿ?"

"ಕೆಳಗ ನಿಂತಾಕಿ, ಮಾಮಾ."

ನಾಗಣ್ಣ ಗಾಜಿನಿಂದ ಕಣ್ಣು ತೆಗೆಯಲಿಲ್ಲ. ಗಾಜು ಮಸುಕಾದಾಗೆಲ್ಲ ದೇವಿಂದ್ರಪ್ಪ ಅದನ್ನು ಒರೆಸಿ ಕೊಟ್ಟ. ನಾಲ್ಕರ ಬಸ್ಸು ತಪ್ಪಿತು.